ಹೊಡೆಯದೆ ಉಳಿದ ಈಡು

ಕಾಡಿಗೂ ಊರಿಗೂ ನಡುವೆ ಇನ್ನೂ ಬೇಲಿ ಬೀಳದಿದ್ದ ಕಾಲ. ಕೊಡಗಿನ ಮಲೆಕೋಡು ಎಂಬೊಂದು ಊರಿನಲ್ಲಿ ನೆಡುಕೊಲ್ಲಿರ ಎಂಬ ಮನೆತನವಿತ್ತು. ಎಂಥ ಮನೆತನ ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಈ ಕತೆ ಹೇಳುವ ಕೆಲವರು ಅದನ್ನು ಬೇಕೆಂದೇ ಬಿಟ್ಟುಬಿಡುತ್ತಾರೆ. ಅರಸರ ಕಾಲದಲ್ಲಿ ಗಡಿಯ ಕಂದಕ ಕಾದವರು ಆ ಮನೆಯವರು. ಊರ ಗುಡಿಯ ದೀಪಕ್ಕೆ ಎಣ್ಣೆ ತಪ್ಪಿಸದವರು. ಮನೆಯ ದೀಪದ ಮುಂದೆ ನಿಂತು ಸುಳ್ಳು ಆಣೆ ಇಟ್ಟವರು ಆ ಮನೆಯಲ್ಲಿ ಹುಟ್ಟಲೇ ಇಲ್ಲ. ಊರಿನ ಮೈದಾನದಲ್ಲಿ, ಮಂದ್ ಎಂದು ಕರೆಯುವ ಆ ಹುಲ್ಲಿನ ಬಯಲಿನಲ್ಲಿ, ಕೋವಿಗಳನ್ನು ಸಾಲಾಗಿ ಒರಗಿಸುವಾಗ ಅವರ ಕೋವಿಗೆ ಬಲಗಡೆಯ ಎರಡನೆಯ ಜಾಗ. ಮೊದಲನೆಯದು ತಕ್ಕರ ಮನೆಯದು. ತಕ್ಕರೆಂದರೆ ಊರಿನ ಹಿರಿಯರು; ಅವರ ಮಾತೇ ಊರಿನ ಮಾತು.

ಆ ನೆಡುಕೊಲ್ಲಿರ ಮನೆಯ ಸೊಸೆ ಚೋಂದವ್ವ.

ಊರಿನ ಕೋವಿಮದ್ದೆಲ್ಲ ಆಕೆಯ ವಶದಲ್ಲಿತ್ತು ಎನ್ನುತ್ತಾರೆ. ಮನೆ ಎತ್ತರದ ದಿಬ್ಬದ ಮೇಲಿತ್ತು, ಅಟ್ಟಕ್ಕೆ ತೇವ ಹತ್ತುತ್ತಿರಲಿಲ್ಲ. ಹಾಗಾಗಿ ಇಡೀ ಊರಿನ ಕೋವಿಮದ್ದು ಅಲ್ಲೇ ಇರುತ್ತಿತ್ತು, ಕಾಟಿ ಎಂಬ ಕಾಡುಕೋಣದ ಕೊಂಬುಗಳಲ್ಲಿ ತುಂಬಿ, ಬಾಯಿಗೆ ಮೇಣ ಹಾಕಿ. ಅತ್ತೆಯಿಂದ ಸೊಸೆಗೆ ಬಂದ ಕೆಲಸ ಅದು. ಆಗಿನವು ಇಂದಿನಂಥ ತೋಟೆ ಹಾಕುವ ಕೋವಿಗಳಲ್ಲ. ಬಾಯಿಂದ ಮದ್ದು ಸುರಿದು, ಬಟ್ಟೆ ಸುತ್ತಿದ ಗುಂಡು ಜಡಿದು ಇಳಿಸಿ, ಹಿಂದೆ ಕಿಡಿ ಹೊತ್ತಿಸುವ ಕೇಪು ಕೂರಿಸಿ ಹೊಡೆಯುವ ಕೋವಿಗಳು. ಒಂದರಂತೆ ಇನ್ನೊಂದಿಲ್ಲ. ಒಂದು ಕೋವಿಗೆ ಸಾಕಾಗುವ ಮದ್ದು ಇನ್ನೊಂದರ ಎದೆ ಸೀಳುತ್ತಿತ್ತು. ಅದಕ್ಕೇ ಚೋಂದವ್ವ ಪ್ರತಿ ಕೋವಿಗೂ ಒಂದೊಂದು ಬಿದಿರಿನ ಅಳತೆ ಕೊರೆಸಿ, ಗೋಡೆಯ ಮೊಳೆಗಳಿಗೆ ನೇತುಹಾಕಿದ್ದಳು.

ಮದ್ದು ಮಾರುವವನು ಘಟ್ಟ ಹತ್ತಿ ಬಂದರೆ ಆಕೆ ಚಿಟಿಕೆಯಷ್ಟನ್ನು ಹಿತ್ತಾಳೆ ತಟ್ಟೆಯ ಮೇಲೆ ಉರಿಸಿ ನೋಡುತ್ತಿದ್ದಳಂತೆ. ಭುಗ್ಗೆಂದು ಎದ್ದು ತಟ್ಟೆ ಬೆಳ್ಳಗೆ ಉಳಿದರೆ ತೆಗೆದುಕೊಳ್ಳುತ್ತಿದ್ದಳು. ಕಪ್ಪು ಕೆಸರಿನಂತೆ ಉಳಿದರೆ, ಇದನ್ನು ನಿನ್ನ ಹೆಂಡತಿಯ ಒಲೆಗೆ ಹಾಕು, ಅನ್ನವಾದರೂ ಬೇಯಲಿ ಎಂದು ಕಳಿಸುತ್ತಿದ್ದಳು. ಕೇಪುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸಡಿಲವಾದದ್ದು ಓಡುವಾಗ ಬೀಳುತ್ತದೆ, ಬಿಗಿಯಾದದ್ದು ಒತ್ತುವಾಗಲೇ ಸಿಡಿಯುತ್ತದೆ. ಗುಂಡನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕೋವಿಯ ಬಾಯಿಗೆ ಇಟ್ಟರೆ ಹೆಬ್ಬೆರಳ ಒತ್ತಿಗೆ ಇಳಿಯಬೇಕು, ತಾನಾಗಿ ಇಳಿಯಬಾರದು. ಅದು ಆಕೆಯ ಲೆಕ್ಕ.

ಉತ್ತಯ್ಯ ಎಂಬ ಬೇಟೆಗಾರ ಒಮ್ಮೆ, ಹಂದಿ ದೊಡ್ಡದಿದೆ ಅಕ್ಕಾ, ಮದ್ದು ಸ್ವಲ್ಪ ಜಾಸ್ತಿ ಹಾಕು ಎಂದನಂತೆ. "ಹಂದಿಗೆ ಇಷ್ಟೇ ಸಾಕು. ನಿನ್ನ ಭುಜ ಮುರಿಯಬೇಕಾದರೆ ಹೇಳು, ಹಾಕುತ್ತೇನೆ," ಎಂದಳು ಚೋಂದವ್ವ. ಅಂಗಳದಲ್ಲಿದ್ದವರೆಲ್ಲ ನಕ್ಕರು. ಆಕೆ ನಗಲಿಲ್ಲ.

ಆಕೆ ಮದ್ದನ್ನು ಮೂಸಿಯೇ ಮಳೆ ಯಾವಾಗ ಎಂದು ಹೇಳುತ್ತಿದ್ದಳು ಎನ್ನುವವರಿದ್ದಾರೆ. ಆಕೆ ಕೊಟ್ಟ ಗುಂಡು ಮರ ಸುತ್ತಿ ಹೋಗಿ ಹಂದಿಗೆ ತಾಗುತ್ತಿತ್ತು ಎನ್ನುವವರೂ ಇದ್ದಾರೆ. ಅವೆಲ್ಲ ಕಟ್ಟುಕತೆ. ಆಕೆ ಅಳೆದದ್ದು ತಪ್ಪಲಿಲ್ಲ, ಅಷ್ಟೇ ನಿಜ. ಅಷ್ಟೇ ಸಾಕು.

ಆ ಊರಿನಲ್ಲಿ ಒಂದು ಕ್ರಮವಿತ್ತು. ಗಂಡು ಹುಟ್ಟಿದರೆ ಮನೆಯವರು ಕೋವಿಯಿಂದ ಒಂದು ಈಡು ಹೊಡೆಯಬೇಕು. ಯಾರಾದರೂ ಸತ್ತರೆ ಎರಡು. ಎರಡು ಕೇಳಿದರೆ ಊರಿನವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಆ ಮನೆಗೆ ಓಡಬೇಕು. ಹೆಣ್ಣು ಹುಟ್ಟಿದರೆ ಸದ್ದಿಲ್ಲ.

ಆಗ ಪಳಂಗಪ್ಪ ತಕ್ಕರಾಗಿದ್ದರು. ಅವರಿಗೆ ಒಬ್ಬನೇ ಮಗ, ಐಯಣ್ಣ. ಐಯಣ್ಣನ ಹೆಂಡತಿ ಮುದ್ದವ್ವ ತುಂಬಿದ ಬಸುರಿ. ಮಳೆ ಹಿಡಿದಿದ್ದ ಒಂದು ಮಧ್ಯಾಹ್ನ ಪಳಂಗಪ್ಪ ತಾವೇ ಎಲೆಯ ಗೊರಗ ಹೊದ್ದು ದಿಬ್ಬ ಹತ್ತಿ ಬಂದರಂತೆ, ಮೊಮ್ಮಗನ ಈಡಿಗೆ ಮದ್ದು ಬೇಕೆಂದು.

"ಸಣ್ಣ ಸದ್ದಿನದು ಬೇಡ ಚೋಂದವ್ವ. ಹೊಳೆಯಾಚೆಯವರಿಗೂ ಕೇಳಿಸಬೇಕು."

"ಹೆಣ್ಣಾದರೆ, ಅಣ್ಣಾ?"

"ಹೆಣ್ಣಾದರೆ ನಿನ್ನ ಮದ್ದು ಉಳಿಯಿತು."

ಅದು ತಮಾಷೆಯ ಮಾತು. ಆಕೆಯೂ ಹಾಗೆಯೇ ತೆಗೆದುಕೊಂಡಳು. ಸದ್ದಿನ ಈಡಿಗೆ ಗುಂಡು ಬೇಕಿಲ್ಲ. ಮದ್ದು ಅಳೆದು, ಒಂದು ಕೇಪು ಆರಿಸಿ, ಜಡಿಯಲು ತೆಂಗಿನ ನಾರಿನ ಉಂಡೆ ಮಾಡಿ ಕೊಟ್ಟಳು. ಕೆಲವು ದಿನ ಕಳೆದು ಗದ್ದೆಯ ಹೆಂಗಸರು ಸುದ್ದಿ ತಂದರು. ಮುದ್ದವ್ವನಿಗೆ ಹೆರಿಗೆಯಾಯಿತು, ಹೆಣ್ಣು. ಈಡಿನ ಸದ್ದು ಯಾರಿಗೂ ಕೇಳಿಸಲಿಲ್ಲ. ಐಯಣ್ಣ ಆ ದಿನ ಊರಿನಲ್ಲೇ ಇರಲಿಲ್ಲ, ಉಪ್ಪಿಗೆಂದು ಘಟ್ಟದ ಕೆಳಗೆ ಹೋಗಿದ್ದ.

ನಾಟಿ ಮುಗಿಯಿತು. ಕೈಲು ಮುಹೂರ್ತ ಬಂತು. ಅಂದು ಆಯುಧಗಳಿಗೆ ಪೂಜೆ, ಮರುದಿನ ಬೇಟೆ. ಎಲ್ಲರ ಮನೆಯಲ್ಲೂ ಕೋವಿ ಇಳಿಸಿ, ಮರಕ್ಕೆ ಎಣ್ಣೆ ಸವರಿ, ಕಬ್ಬಿಣ ತಿಕ್ಕಿ, ಬಾಯಿಗೆ ತೋಕ್‌ಪೂ ಎಂಬ ಕೆಂಪು ಹಳದಿಯ ಹೂ ಸಿಕ್ಕಿಸಿದರು. ಹೊರಮೈ ಕನ್ನಡಿಯಂತಾಯಿತು. ಒಳಗೆ ಯಾರೂ ನೋಡಲಿಲ್ಲ.

ಬೇಟೆಗೆ ಹೊರಡುವವರು ಒಬ್ಬೊಬ್ಬರಾಗಿ ಚೋಂದವ್ವನ ಅಂಗಳಕ್ಕೆ ಬಂದರು. ಆಕೆ ಪ್ರತಿಯೊಬ್ಬನನ್ನೂ ಕೇಳುವುದು ಒಂದೇ ಪ್ರಶ್ನೆ, ಕೋವಿ ಬರಿದೇ ಎಂದು. ಐಯಣ್ಣನನ್ನೂ ಕೇಳಿದಳು. ಅವನು ಕೋವಿಯ ಹಿಂಬದಿ ತೋರಿಸಿ, ಕೇಪಿಲ್ಲವಲ್ಲ ಅಕ್ಕಾ, ಬರಿದೇ ಎಂದ. ಎಲ್ಲರೂ ಹಾಗೇ ಹೇಳುತ್ತಿದ್ದರು. ಕೇಪಿಲ್ಲದ ಕೋವಿ ಬರಿದು ಎಂದೇ ಆಗ ಊರೆಲ್ಲ ನಂಬಿತ್ತು. ಆಕೆ ತಕ್ಕರ ಮನೆಯ ಬಿದಿರಿನ ಅಳತೆಯನ್ನು ಮೊಳೆಯಿಂದ ತೆಗೆದು ಮದ್ದು ಅಳೆದಳು. ಗುಂಡನ್ನು ಹೊಸ ಕೆಂಪು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಆ ವರ್ಷ ಎಲ್ಲರಿಗೂ ಕೆಂಪು ಬಟ್ಟೆಯೇ. ಮಗಳು ಹೇಗಿದ್ದಾಳೆ ಎಂದಳು. ನನ್ನಂತೆಯೇ ಮೂಗು ಎಂದು ಐಯಣ್ಣ ನಕ್ಕ. ಪಾಪ, ಕೂಸು ಎಂದಳು ಚೋಂದವ್ವ. ಅದೇ ಅವನೊಡನೆ ಆಡಿದ ಕೊನೆಯ ಮಾತು ಎನ್ನುತ್ತಾರೆ.

ಕಾಡಿನಲ್ಲಿ ಸೋವಿನವರು ಕೂಗು ಹಾಕಿ ಹಂದಿ ಎಬ್ಬಿಸಿದರು. ಹಂದಿ ಐಯಣ್ಣನ ಕಡೆಗೇ ಬಂತು. ಅವನು ಗುರಿಯಿಟ್ಟು ಕೋವಿಯ ಕುದುರೆ ಎಳೆದ. ಗುಂಡು ಮುಂದಕ್ಕೆ ಹಾರಲಿಲ್ಲ, ಕೋವಿ ಅವನ ಕೆನ್ನೆಯ ಬಳಿಯೇ ಒಡೆಯಿತು. ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಮುಖ ಮುಚ್ಚಿ ತಂದರು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಮೂರನೆಯ ದಿನ ಊರು ಮಂದ್‌ನಲ್ಲಿ ಸೇರಿತು. ಚೋಂದವ್ವನ ಮದ್ದಿನಿಂದ ಕೋವಿ ಒಡೆಯಿತು ಎಂದು ಪಳಂಗಪ್ಪ ಹೇಳಿದರು. ಆಕೆಯ ಅಳತೆ ತಪ್ಪಿತು ಎಂದು ಇತರರೂ ತಲೆಯಾಡಿಸಿದರು. ವರ್ಷಗಟ್ಟಲೆ ಅದೇ ಅಳತೆಯ ಮೇಲೆ ಪ್ರಾಣ ಇಟ್ಟವರು ಅವರು. ಆದರೆ ಮಗನನ್ನು ಸುಟ್ಟು ಬಂದ ತಕ್ಕರ ಎದುರು ಯಾರು ಬಾಯಿ ತೆರೆಯುತ್ತಾರೆ?

ಚೋಂದವ್ವ ತಾನೇ ಮಂದ್‌ಗೆ ಬಂದಳು. ಹೆಂಗಸರು ಬರುವ ಜಾಗವಲ್ಲ ಅದು, ಆದರೂ ಬಂದಳು. ಕೋವಿಯ ಒಡೆದ ನಳಿಗೆಯನ್ನು ಎತ್ತಿ ನೋಡಿದಳು. ತಳದ ತುಂಡಿನಲ್ಲಿ ಏನೋ ಕಚ್ಚಿಕೊಂಡಿತ್ತು. ಮುಡಿಗೆ ಸಿಕ್ಕಿಸಿದ್ದ ಕಡ್ಡಿ ತೆಗೆದು ಕೆದಕಿದಳು. ಅರೆಸುಟ್ಟ ತೆಂಗಿನ ನಾರು. ಅದನ್ನು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದಳು. ಬೇಟೆಗೆ ತಾನು ಕೊಟ್ಟದ್ದು ಕೆಂಪು ಬಟ್ಟೆ, ನಾರು ಕೊಟ್ಟದ್ದು ಮಗು ಹುಟ್ಟುವ ಈಡಿಗೆ ಎಂದಳು. ಒಂದರ ಮೇಲೊಂದು ಎರಡು ಈಡು ತುಂಬಿದರೆ ಯಾವ ನಳಿಗೆಯೂ ಒಡೆಯುತ್ತದೆ ಎಂದಳು. ಆಮೇಲೆ ಪಳಂಗಪ್ಪನವರ ಕಡೆ ತಿರುಗಿದಳು.

"ಆ ಈಡು ಎಲ್ಲಿ ಹೋಯಿತು, ಅಣ್ಣಾ?"

ಪಳಂಗಪ್ಪ, "ಹೊಡೆದೆ," ಎಂದರು.

ಚೋಂದವ್ವ ಊರಿನವರನ್ನು ನೋಡಿದಳು. "ಯಾರಿಗೆ ಕೇಳಿಸಿತು?"

ಹೊಳೆಯಾಚೆಗೂ ಕೇಳಿಸಬೇಕಿದ್ದ ಈಡು. ಯಾರಿಗೂ ಕೇಳಿಸಿರಲಿಲ್ಲ, ಅದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಒಬ್ಬನೂ ತುಟಿ ಬಿಚ್ಚಲಿಲ್ಲ. ಉತ್ತಯ್ಯ ಹುಲ್ಲು ನೋಡುತ್ತ ನಿಂತ. ಆಗ ಪಳಂಗಪ್ಪ ತೀರ್ಪು ಹೇಳಿದರು. ನೆಡುಕೊಲ್ಲಿರ ಮನೆಯ ಮದ್ದು ಯಾರೂ ಮುಟ್ಟಬಾರದು. ಅವರ ಕೋವಿಗೆ ಮಂದ್‌ನ ಸಾಲಿನಲ್ಲಿ ಜಾಗವಿಲ್ಲ. ಅವರ ಮನೆಯ ಈಡಿಗೆ ಊರು ಓಡಬೇಕಿಲ್ಲ.

ಚೋಂದವ್ವ ಆ ನಾರನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮನೆಗೆ ಹೋದಳು. ಅತ್ತಳು ಎಂದು ಹೇಳುವವರಿದ್ದಾರೆ. ಅಳಲಿಲ್ಲ. ಗೋಡೆಯ ಮೇಲಿನ ಬಿದಿರಿನ ಅಳತೆಗಳಲ್ಲಿ ಒಂದನ್ನೂ ಕೀಳಲಿಲ್ಲ. ದಿನವೂ ಧೂಳು ಒರೆಸಿದಳು.

ಮುಂದಿನ ಮಳೆಗಾಲಕ್ಕೆ ಮೊದಲೇ ಆಕೆಯ ಅತ್ತೆ ತೀರಿಕೊಂಡಳು. ಮನೆಯ ಗಂಡಸರು ಕೋವಿ ಮುಟ್ಟಲು ಹಿಂಜರಿದರು, ಹೊಡೆದರೂ ಯಾರೂ ಬರುವುದಿಲ್ಲ ಎಂದರು. ಬರಲಿ ಬಿಡಲಿ, ಸತ್ತವಳಿಗೆ ಸಲ್ಲಬೇಕಾದ್ದು ಸಲ್ಲಬೇಕು ಎಂದು ಚೋಂದವ್ವ ತಾನೇ ಅಂಗಳದಲ್ಲಿ ನಿಂತು ಎರಡು ಈಡು ಹೊಡೆದಳು. ಕಣಿವೆಯ ಉದ್ದಕ್ಕೂ ಕೇಳಿಸಿತು. ಗದ್ದೆಯಲ್ಲಿದ್ದವರು ತಲೆ ಎತ್ತಿದರು, ಮತ್ತೆ ಬಗ್ಗಿದರು. ಹೆಣ ಹೊರಲು ಮನೆಯವರೇ ನಿಂತರು. ಊರಿಗೆ ಇಂದಿಗೂ ಕಚ್ಚುವ ಮಾತು ಇದೇ, ಕೋವಿ ಒಡೆದದ್ದಲ್ಲ.

ವರ್ಷಗಳು ಕಳೆದವು. ಪಳಂಗಪ್ಪ ಮಗ ಸತ್ತ ಮೇಲೆ ಕೋವಿ ಹಿಡಿಯಲಿಲ್ಲ, ಮೊಮ್ಮಗಳನ್ನು ಎತ್ತಿಕೊಳ್ಳಲೂ ಇಲ್ಲ. ಒಂದು ಮಳೆಗಾಲದಲ್ಲಿ ಅವರೂ ಹೋದರು. ತಕ್ಕರು ಸತ್ತಿದ್ದಾರೆ, ಎರಡು ಈಡು ಹೊಡೆಯಲೇಬೇಕು. ಊರಿನವರು ತಾವೇ ಕೊಂಡು ತಂದಿಟ್ಟಿದ್ದ ಮದ್ದು ತೇವ ಹಿಡಿದು ಹಿಟ್ಟಿನಂತಾಗಿತ್ತು. ಒಬ್ಬನ ಕೇಪು ಟಿಕ್ ಎಂದಿತು, ಈಡು ಹೋಗಲಿಲ್ಲ. ಇನ್ನೊಬ್ಬನದು ಬುಸ್ಸೆಂದು ಹೊಗೆ ಉಗುಳಿತು. ಹೆಣದ ಮುಂದೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಿಬ್ಬದ ಮನೆಗೆ ಹೋಗಿ ಕೇಳಲು ಯಾರಿಗೂ ಮುಖವಿರಲಿಲ್ಲ.

ಹೋದವಳು ಮುದ್ದವ್ವ, ಮಗಳ ಕೈ ಹಿಡಿದುಕೊಂಡು. ಅಂಗಳದ ತುದಿಯಲ್ಲೇ ನಿಂತು, ಬಾಣಂತಿ ಕೋಣೆಯ ಗೋಡೆಯಾಚೆ ತನಗೆ ಕೇಳಿಸಿದ್ದನ್ನು ಅಂದು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ನೋವು ಶುರುವಾದಾಗಲೇ ಮಾವ ಕೋವಿ ತುಂಬಿದ್ದರು. ಮದ್ದು ಜಡಿಯುವ ಗಜದ ಸದ್ದು ಕೇಳಿಸಿತ್ತು. ಹೆಣ್ಣು ಎಂದು ತಿಳಿದ ಮೇಲೆ ಕೇಪು ಕಿತ್ತು ಕೋವಿಯನ್ನು ಒಲೆಯ ಮೇಲಿನ ಗೋಡೆಗೆ ತೂಗುಹಾಕಿದರು. ಗಾಳಿಗೆ ಹೊಡೆದು ಖಾಲಿ ಮಾಡಿ ಎಂದು ಅತ್ತೆ ಹೇಳಿದ್ದಕ್ಕೆ ಅವರು ಕೊಟ್ಟ ಉತ್ತರವೂ ಆಕೆಗೆ ನೆನಪಿತ್ತು.

"ಹೆಣ್ಣಿಗೆ ಈಡು ಹೊಡೆದ ಅಂತ ಊರು ನಗಬೇಕೇ, ಎಂದರು ಮಾವ. ಆಮೇಲೆ ಯಾವಾಗಲಾದರೂ ಖಾಲಿ ಮಾಡಿರುತ್ತಾರೆ ಅಂದುಕೊಂಡೆ. ನಾನು ಕೋಣೆಯಿಂದ ಹೊರಗೆ ಬಂದದ್ದು ನನ್ನ ಗಂಡನ ಹೆಣ ನೋಡಲಿಕ್ಕೇ."

ಚೋಂದವ್ವ ಒಳಗೆ ಹೋಗಿ ಕೊಂಬು ಇಳಿಸಿದಳು. ತಟ್ಟೆಯ ಮೇಲೆ ಚಿಟಿಕೆ ಮದ್ದು ಉರಿಸಿ ನೋಡಿದಳು. ಕೇಪುಗಳನ್ನು ಬೆಳಕಿಗೆ ಹಿಡಿದು ಆರಿಸಿದಳು. ತನ್ನದೇ ಕೋವಿ ಹೆಗಲಿಗೆ ಹಾಕಿಕೊಂಡು ತಕ್ಕರ ಮನೆಗೆ ನಡೆದಳು. ಅಂಗಳದಲ್ಲಿದ್ದ ಗಂಡಸರು ದಾರಿ ಬಿಟ್ಟರು. ಆಕೆ ಮೊದಲು ಗಜವನ್ನು ನಳಿಗೆಯೊಳಕ್ಕೆ ಬಿಟ್ಟಳು. ಅದು ತಳದ ಕಬ್ಬಿಣಕ್ಕೆ ತಾಗಿ ಠಣ್ ಎಂದಿತು. ಬರಿದು. ಆಮೇಲೆ ತುಂಬಿದಳು. ಮಗುವನ್ನು ಹತ್ತಿರ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಈಡು ಹೊಡೆದಳು.

"ಇದು ಇವಳದ್ದು. ತಡವಾಯಿತು," ಎಂದಳು.

ಮತ್ತೆ ಗಜ ಇಳಿಸಿ ಕೇಳಿ, ತುಂಬಿ, ಸತ್ತ ತಕ್ಕರಿಗೆ ಎರಡು ಹೊಡೆದಳು. ದೂರದ ಗದ್ದೆಗಳಲ್ಲಿದ್ದವರು ಮೂರು ಎಣಿಸಿ, ಇದೆಂಥ ಲೆಕ್ಕ ಎಂದು ಕಂಗಾಲಾದರಂತೆ.

ಉತ್ತಯ್ಯ ಮುಂದೆ ಬಂದು, ಆದದ್ದಾಯಿತು ಅಕ್ಕಾ, ಈ ವರ್ಷ ನಿಮ್ಮ ಕೋವಿ ಸಾಲಿಗೆ ಬರಲಿ ಎಂದ. ಆದದ್ದಲ್ಲ, ನೀವು ಮಾಡಿದ್ದು ಎಂದಳು ಚೋಂದವ್ವ. ಸೆರಗಿನಿಂದ ಆ ಹಳೆಯ ನಾರನ್ನು ಬಿಚ್ಚಿ ಅವನ ಕೈಗೆ ಹಾಕಿದಳು. ಮಂದ್‌ನಲ್ಲಿ ಆರೋಪ ಹೊರಿಸಿದ್ದೀರಿ, ಮಂದ್‌ನಲ್ಲೇ ತಪ್ಪಾಯಿತು ಎನ್ನಿ, ಅದಾದ ಮೇಲೆ ಕೋವಿ ಬರುತ್ತದೆ ಎಂದಳು. ಗಂಡಸರು ಹೆಣದ ಕೆಲಸಕ್ಕೆ ತಿರುಗಿಕೊಂಡರು. ಆಕೆ ಮನೆಗೆ ಹೋದಳು. ಸಾಯುವವರೆಗೂ ಅದೇ ಮಾತು.

ಈಗಲೂ ಆ ಊರಿನಲ್ಲಿ ಹಳೆಯ ಕೋವಿ ತುಂಬುವ ಮುಂಚೆ ಎಲ್ಲರೂ ಸುಮ್ಮನಾಗುತ್ತಾರೆ. ಗಜ ಒಳಗೆ ಬಿಡುತ್ತಾರೆ. ಠಣ್ ಎಂದರೆ, "ಬರಿದು, ಚೋಂದವ್ವ," ಎಂದು ಗಟ್ಟಿಯಾಗಿ ಹೇಳುತ್ತಾರೆ. ಆಮೇಲೆಯೇ ಮದ್ದು. ಹೆಣ್ಣು ಹುಟ್ಟಿದರೂ ಅಲ್ಲಿ ಒಂದು ಈಡು ಹೊಡೆಯುತ್ತಾರೆ. ಹೊರಗಿನಿಂದ ಬಂದವರು ಅದನ್ನು ಮೆಚ್ಚಿ ಹೋಗುತ್ತಾರೆ. ಹೆಸರು ಹೇಳುತ್ತೇವಲ್ಲ, ಈಡು ಹೊಡೆಯುತ್ತೇವಲ್ಲ, ಇನ್ನೇನು ಬೇಕು ಎಂದು ಊರಿನವರು ಕೇಳುತ್ತಾರೆ.

ಮಂದ್‌ನ ಸಾಲಿನಲ್ಲಿ ಬಲಗಡೆಯ ಎರಡನೆಯ ಜಾಗ ಖಾಲಿಯಿದೆ. ನೆಡುಕೊಲ್ಲಿರ ಮನೆಯ ಹಿರಿಯ ಹೆಂಗಸು ಪ್ರತಿ ಕೈಲು ಮುಹೂರ್ತಕ್ಕೂ ಅಲ್ಲಿಗೆ ಹೋಗಿ, ಕೋವಿಯಿಲ್ಲದೆ, ಆ ಖಾಲಿ ಜಾಗದಲ್ಲಿ ನಿಲ್ಲುತ್ತಾಳೆ. ಅತ್ತೆಯಿಂದ ಸೊಸೆಗೆ ಬಂದ ಕೆಲಸ ಈಗ ಅದು. ಊರು ಸೇರಿದ ಮೇಲೆ ಒಂದೇ ಮಾತು ಹೇಳುತ್ತಾಳೆ, ಹೇಳಿ ಕಾಯುತ್ತಾಳೆ.

"ತಪ್ಪು ನಿಮ್ಮದು. ಕ್ಷಮೆ ಕೇಳಿ."