ಹವಳಕ್ಕೆ ತಂದ ದೀಪ

"ಗುರುಗಳೇ, ನಾನು ಬಾಯಿ ತೆರೆದರೆ ಸಾಕು, ಜನ ಸೇರುತ್ತಾರೆ. ಆದರೆ ನನ್ನ ಜೊತೆ ಯಾರೂ ಉಳಿಯುವುದಿಲ್ಲ. ಹೀಗೇಕೆ?"

ಕೇಳಿದವನು ತಿಪ್ಪೇಶ. ಮಠಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಆಗಲೇ ಹಿರಿಯ ಶಿಷ್ಯರನ್ನೆಲ್ಲ ಮಾತಿನಲ್ಲಿ ಮಣ್ಣು ಮುಕ್ಕಿಸಿದ್ದ. ಅವನ ಕೋಣೆಯಲ್ಲಿ ಮಲಗುತ್ತಿದ್ದ ಒಬ್ಬನೇ ಗೆಳೆಯ ಅಂದು ಬೆಳಿಗ್ಗೆ ಚಾಪೆ ಸುತ್ತಿಕೊಂಡು ಬೇರೆ ಕೋಣೆಗೆ ಹೋಗಿದ್ದ. ಅವನನ್ನು ಮರಳಿ ಕರೆಯುವುದು ಹೇಗೆಂದು ತಿಪ್ಪೇಶನಿಗೆ ತಿಳಿದಿರಲಿಲ್ಲ.

ಗುರುಗಳು ಅವನನ್ನು ಕೂರಿಸಿ ಕತೆ ತೆಗೆದರು.

ಒಂದು ಪೇಟೆಯಲ್ಲಿ ಒಬ್ಬ ಚಿನಿವಾರನಿದ್ದ. ಚಿನ್ನ, ಮುತ್ತು, ಹವಳ ಮಾರುವುದು ಅವನ ಮನೆತನದ ಕೆಲಸ. ಮದುವೆಯಾಗಿರಲಿಲ್ಲ. ಹಗಲೆಲ್ಲ ಅಂಗಡಿ ತುಂಬ ಜನ. ಬಾಗಿಲು ಹಾಕಿ ಮನೆಗೆ ಬಂದರೆ, ಬಂದೆಯಾ ಎಂದು ಕೇಳುವವರಿಲ್ಲ.

ಅವನ ಮನೆಯ ಮುಂದಿನ ಕೋಣೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯೊಂದಿತ್ತು. ಅದರಲ್ಲಿ ಜೀವಂತ ಹವಳವನ್ನು ಸಾಕಿದ್ದ. ಕಲ್ಲಿಗೆ ಅಂಟಿಕೊಂಡ ಜೀವ ಅದು. ಮುಟ್ಟಿದರೆ ಮುದುಡುತ್ತಿತ್ತು. ಮೇಲಿನ ದೀಪ ಹೊತ್ತಿದರೆ ಮೆಲ್ಲಗೆ ಬೆರಳಿನಂಥ ಎಳೆಗಳನ್ನು ಬಿಚ್ಚುತ್ತಿತ್ತು. ಚಿನಿವಾರ ಸಂಜೆ ಅದರ ಎದುರು ಕುರ್ಚಿ ಎಳೆದು ಕೂರುತ್ತಿದ್ದ. ಚಿಟಿಕೆಯಷ್ಟು ಸಿಗಡಿ ಪುಡಿಯನ್ನು ನೀರಿಗೆ ಬಿಟ್ಟು, "ಏನಮ್ಮ, ಊಟ ಮಾಡ್ತೀಯಾ?" ಎನ್ನುತ್ತಿದ್ದ. ಅದರ ಬೆರಳುಗಳು ಚಾಚಿಕೊಂಡು ಪುಡಿಯನ್ನು ಹಿಡಿಯುತ್ತಿದ್ದವು. ಅವನು ಅಂದಿನ ಗಿರಾಕಿಗಳ ಕತೆ ಹೇಳುತ್ತಿದ್ದ. ಲೋಕದಲ್ಲಿ ತನ್ನ ಮಾತಿಗೆ ಕಾದು ಕೂತಿರುವ ಜೀವ ಅದೊಂದೇ ಎಂದು ಅವನಿಗೆ ಅನ್ನಿಸುತ್ತಿತ್ತು.

ತೊಟ್ಟಿಯ ದೀಪ ಹಳೆಯದು. ವರ್ಷ ಕಳೆದಂತೆ ಮಂಕಾಗುತ್ತ ಬಂದು, ಒಂದು ದಿನ ಕೆಟ್ಟೇ ಹೋಯಿತು. ಚಿನಿವಾರ ಹೊಸ ದೀಪಕ್ಕೆ ಮೀನಿನ ಅಂಗಡಿಗೆ ಹೋದ.

ಅಂಗಡಿಯವನು ಎರಡು ದೀಪ ಹೊತ್ತಿಸಿ ತೋರಿಸಿದ. ಒಂದು ಸಣ್ಣದು, ನೀಲಿ ಬೆಳಕಿನದು. ಇನ್ನೊಂದು ಮದುವೆ ಚಪ್ಪರಕ್ಕೆ ಸಾಕಾಗುವಂಥದು.

"ದೀಪ ನಿಮಗೋ, ಅದಕ್ಕೋ, ಸಾಹುಕಾರ್ರೇ? ಅದಕ್ಕಾದ್ರೆ ಈ ನೀಲಿ ತಗೊಳ್ಳಿ. ನೋಡೋಕೆ ಬಂದವರಿಗೆ ಅಷ್ಟೇನೂ ಚೆಂದ ಕಾಣಲ್ಲ, ಆದ್ರೆ ಅದು ಹಾಯಾಗಿರುತ್ತೆ. ದೊಡ್ಡದೇ ಬೇಕು ಅಂದ್ರೆ ಮೊದಮೊದಲು ಬೆಳಕು ತಗ್ಗಿಸಿ ಇಡಿ. ಮಂಕು ದೀಪಕ್ಕೆ ಒಗ್ಗಿರೋ ಜೀವ, ಒಮ್ಮೆಗೇ ತಡ್ಕೊಳ್ಳಲ್ಲ."

ನೋಡೋಕೆ ಬಂದವರು ಎಂಬ ಮಾತು ಚಿನಿವಾರನ ಕಿವಿಯಲ್ಲಿ ನಿಂತಿತು. ಅವನ ಮನೆಗೆ ಯಾರೂ ಬಂದವರಿಲ್ಲ. ದೊಡ್ಡ ದೀಪ ಹೊತ್ತಿಸಿದರೆ ಬೆಳಕು ಕಿಟಕಿ ದಾಟಿ ಬೀದಿಗೆ ಬೀಳುತ್ತದೆ. ಬೀದಿಯವರು ತಲೆ ಎತ್ತುತ್ತಾರೆ. ತಲೆ ಎತ್ತಿದವರು ಒಳಗೆ ಬಾರದೆ ಇರುತ್ತಾರೆಯೇ?

"ನಮ್ಮಜ್ಜನ ಕಾಲದಿಂದ ಹವಳ ಮಾರ್ತಿದೀವಿ ಕಣಯ್ಯ," ಎಂದ. "ಹವಳಕ್ಕೆ ಬೆಳಕು ಹಿಡಿಯೋದನ್ನ ನನಗೆ ಹೇಳಿಕೊಡ್ತೀಯಾ? ಬೆಳಕು ಹೆಚ್ಚಾದಷ್ಟೂ ಬಣ್ಣ ಹೆಚ್ಚು. ದೊಡ್ಡದೇ ಕಟ್ಟು."

"ಆಯ್ತು ಬಿಡಿ. ಇನ್ನು ನನಗೆ ಉಳಿದಿರೋದು ಪೊಟ್ಟಣಕ್ಕೆ ದಾರ ಸುತ್ತೋ ಕೆಲಸ," ಎಂದ ಅಂಗಡಿಯವನು.

ಚಿನಿವಾರ ಅಂದೇ ದೀಪ ಕಟ್ಟಿಸಿದ, ಪೂರ್ತಿ ಹೊತ್ತಿಸಿದ. ಅವನು ಎಣಿಸಿದಂತೆಯೇ ಆಯಿತು. ಮೊದಲು ಎದುರು ಮನೆಯವರು ಬಂದರು, ಆಮೇಲೆ ಅವರ ನೆಂಟರು, ಆಮೇಲೆ ಗುರುತಿಲ್ಲದವರು. ಫೋಟೋ ತೆಗೆದರು. ಮನೆಯಲ್ಲಿದ್ದ ಲೋಟಗಳು ಟೀಗೆ ಸಾಲಲಿಲ್ಲ. ಅವನು ಎಲ್ಲರಿಗೂ ಹವಳದ ಕತೆ ಹೇಳಿದ; ಗಂಟಲು ಬೀಳುವವರೆಗೂ ಹೇಳಿದ. ಬಂದವರ ಗದ್ದಲದಲ್ಲಿ ತನ್ನ ಕುರ್ಚಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ತೊಟ್ಟಿಗೆ ಬೆನ್ನು ಮಾಡಿ ನಿಂತೇ ಮಾತಾಡುತ್ತಿದ್ದ.

ಹವಳ ಬೆರಳು ಬಿಚ್ಚುವುದು ಕಡಿಮೆಯಾಯಿತು. ಅದರ ಬಣ್ಣ ಇಳಿಯುತ್ತ ಬಂತು. ತನ್ನ ಅಂಗಡಿಯ ತಟ್ಟೆಯಲ್ಲಿ ಹವಳ ಮಂಕಾಗಿ ಕಂಡರೆ ಅವನು ಇನ್ನೊಂದು ದೀಪ ಹಾಕಿಸುತ್ತಿದ್ದ. ಇಲ್ಲಿಯೂ ಹಾಗೆಯೇ ಮಾಡಿದ. ದೊಡ್ಡ ದೀಪದ ಪಕ್ಕಕ್ಕೆ ಮತ್ತೊಂದನ್ನು ಕಟ್ಟಿದ.

ಒಂದು ಸಂಜೆ ಬಂದಾತನೊಬ್ಬ ಗಾಜಿಗೆ ಮೂಗು ಒತ್ತಿ ನೋಡಿ, "ಏನ್ ಸಾಹುಕಾರ್ರೇ, ಪ್ಲಾಸ್ಟಿಕ್ ಇಟ್ಟು ನಮ್ಮನ್ನ ಕರೆಸ್ತೀರಾ?" ಎಂದ. ಉಳಿದವರು ನಕ್ಕರು. ಚಿನಿವಾರನೂ ನಕ್ಕ. ನಗುತ್ತಲೇ ಹಿಂದೆ ತಿರುಗಿದ.

ತೊಟ್ಟಿಯಲ್ಲಿದ್ದದ್ದು ಬೆಳ್ಳಗಿನ ಗಟ್ಟಿ ಕಲ್ಲು. ತಾನು ತೂಗಿ ತೂಗಿ ಮಾರುತ್ತಿದ್ದುದೂ ಜೀವ ಹೋದ ಮೇಲೆ ಉಳಿಯುವ ಇಂಥ ಗಟ್ಟಿಯನ್ನೇ ಎಂದು ಅವನಿಗೆ ಆಗ ಗೊತ್ತಾಯಿತು.

ಸುದ್ದಿ ಬೀದಿಗೆ ಹರಡಿತು. ಸತ್ತದ್ದನ್ನು ನೋಡಲು ಯಾರು ಬರುತ್ತಾರೆ? ಮರುದಿನ ಯಾರೂ ಬರಲಿಲ್ಲ. ಅವನು ಒಂದೇ ಲೋಟ ಟೀ ಕಾಸಿಕೊಂಡು, ಕುರ್ಚಿ ಎಳೆದು ಕೂತ. ಚಿಟಿಕೆ ಪುಡಿ ಬಿಟ್ಟ. ಪುಡಿ ನೀರಿನಲ್ಲಿ ತೇಲಿ, ಕಲ್ಲಿನ ಮೇಲೆ ಇಳಿದು, ಅಲ್ಲಿಯೇ ಕೂತಿತು. ಅಂದು ಅವನ ಬಳಿ ಹೇಳಲು ಬೇಕಾದಷ್ಟಿತ್ತು.

ಗುರುಗಳು ಕತೆ ನಿಲ್ಲಿಸಿದರು.

"ಅನ್ಯಾಯ ಗುರುಗಳೇ," ಎಂದ ತಿಪ್ಪೇಶ. "ಪಾಪ, ಅಷ್ಟು ಆಸೆಯಿಂದ ದೀಪ ತಂದವನು ಕೊನೆಗೆ ಒಬ್ಬನೇ ಆಗಿಬಿಟ್ಟನಲ್ಲ?"

"ಅವನು ದೀಪ ತಂದದ್ದು ಬೀದಿಯವರಿಗೆ, ಬೀದಿಯವರು ಬಂದು ಹೋದರಲ್ಲಪ್ಪ," ಎಂದರು ಗುರುಗಳು.