ಶಾಲು ಹೊದ್ದ ಕಂಪ್ಯೂಟರ್

ಸಹಕಾರ ಸಂಘದ ಕಂಪ್ಯೂಟರ್ ಹೊತ್ತುಗೊತ್ತಿಲ್ಲದೆ ಹ್ಯಾಂಗ್ ಆಗುತ್ತಿತ್ತು. "ಸಂಜೆಯೊಳಗೆ ಸರಿಹೋಗಬೇಕು. ಇಲ್ಲಾಂದ್ರೆ ನಾಳೆಯಿಂದ ನೀವು ಬರೋದೇ ಬೇಡ!" ಎಂದು ಅಧ್ಯಕ್ಷ ಚನ್ನವೀರಪ್ಪನವರು ಗುಡುಗಿದರು.

ಗುಮಾಸ್ತೆ ಪಂಕಜಾಕ್ಷಿ ಕಂಪ್ಯೂಟರಿನ ಬಳಿ ಓಡಿದಳು. ಅದರ ಡಬ್ಬ ಮುಟ್ಟಿ ನೋಡಿದಳು, ಕಾದ ಕಾವಲಿ! ಅದರ ಗಾಳಿಕಿಂಡಿಗಳನ್ನೆಲ್ಲ ಅಧ್ಯಕ್ಷರ ಸನ್ಮಾನದ ಶಾಲು ಮುಚ್ಚಿತ್ತು. ಧೂಳು ಬೀಳಬಾರದೆಂದು ಅವರೇ ಹೊದಿಸಿದ್ದು. ತೆಗೆಯಿರಿ ಎಂದರೆ ಅವರಿಗೆ ಅವಮಾನ, ಸುಮ್ಮನಿದ್ದರೆ ಇವಳ ಕೆಲಸಕ್ಕೆ ಸಂಚಕಾರ.

ಅಧ್ಯಕ್ಷರ ಕಡೆ ತಿರುಗಿ ಕೇಳಿದಳು: "ಸಾರ್, ಸನ್ಮಾನದ ದಿನ ಈ ಶಾಲು ಎಷ್ಟು ಹೊತ್ತು ಹೊದ್ದಿದ್ರಿ?"

"ಏಪ್ರಿಲ್ ಬಿಸಿಲಮ್ಮಾ! ಫೋಟೋ ತೆಗೆದಿದ್ದೇ ತಡ, ಕಿತ್ತು ಕುರ್ಚಿ ಮೇಲೆ ಹಾಕಿದೆ. ಇನ್ನೊಂದು ಗಳಿಗೆ ಇದ್ದಿದ್ರೆ ಅಲ್ಲೇ ಬೀಳ್ತಿದ್ದೆ."

"ಇದು ಬೆಳಿಗ್ಗೆಯಿಂದ ಹೊದ್ದು ಕೂತಿದೆ ಸಾರ್. ತಾವು ಹೊದಿಸಿದ ಶಾಲು, ಕಿತ್ತುಹಾಕೋ ಧೈರ್ಯ ಅದಕ್ಕೆಲ್ಲಿಂದ ಬರಬೇಕು?"

ಅಧ್ಯಕ್ಷರು ಕಂಪ್ಯೂಟರನ್ನೇ ದಿಟ್ಟಿಸಿದರು.

"ಅಯ್ಯೋ ಪಾಪ," ಎಂದು ಅವರೇ ಎದ್ದು ಬಂದು ಶಾಲು ತೆಗೆದರು.

ಸಂಜೆವರೆಗೂ ಕಂಪ್ಯೂಟರ್ ಒಮ್ಮೆಯೂ ನಿಲ್ಲಲಿಲ್ಲ. ಖುಷಿಯಾದ ಅಧ್ಯಕ್ಷರು ಅದೇ ಶಾಲನ್ನು ಪಂಕಜಾಕ್ಷಿಗೆ ಹೊದಿಸಿ, ಎದುರಿಗೇ ಕುರ್ಚಿ ಎಳೆದು ಕೂತರು. ಅವರು ಮನೆಗೆ ಹೊರಡುವವರೆಗೂ ಅವಳಿಗೂ ಅದನ್ನು ತೆಗೆಯುವ ಧೈರ್ಯ ಬರಲಿಲ್ಲ.