ಕೆಂಚಿಯ ಕಟವಾಯಿ

"ಗುರುಗಳೇ, ಮನೆಯ ಆಳು ತಪ್ಪು ಮಾಡಿದರೆ ಮನೆಯ ಹೆಸರನ್ನು ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಯಾವ ಮನೆ?" ಎಂದರು ಗುರುಗಳು.

ಶಿಷ್ಯ ತಡೆದು ತಡೆದು ಹೇಳಿದ. ಮನೆಯೆಂದರೆ ಮಠವೇ. ಮಠದ ಅನ್ನಛತ್ರ ಅವನ ಉಸ್ತುವಾರಿಯಲ್ಲಿತ್ತು. ಹಿಂದಿನ ದಿನ ಒಬ್ಬ ಮುದುಕ ಒಂದು ಪಂಕ್ತಿಯಲ್ಲಿ ಉಂಡು, ಮುಂದಿನ ಪಂಕ್ತಿಯಲ್ಲೂ ಎಲೆ ಹಾಕಿಕೊಂಡು ಕುಳಿತ. ಬಡಿಸುವವನಿಗೆ ಸಿಟ್ಟು ಬಂತು. ಹಿತ್ತಾಳೆಯ ಸೌಟು ಬೀಸಿದ. ಮುದುಕ ಕೈ ಅಡ್ಡ ಹಿಡಿದ. ಕೈ ಮುರಿಯಿತು. ಈಗ ಊರಿನವರು ಏನಾಯಿತೆಂದು ಕೇಳುತ್ತಿದ್ದಾರೆ.

"ಮುದುಕ ಪರವೂರಿನವನು, ಬಾಯಿ ಬಿಡುತ್ತಿಲ್ಲ. ಕಲ್ಯಾಣಿಯ ಮೆಟ್ಟಿಲಲ್ಲಿ ಜಾರಿ ಬಿದ್ದ ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ. ನಿಜ ಹೇಳಿದರೆ ಮಠದ ಹೆಸರು ಹೋಗುತ್ತದೆ. ಯಾವುದು ಸರಿ?"

ಗುರುಗಳು ಎದುರಿನ ಚಾಪೆ ತೋರಿಸಿದರು. "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಆ ಊರಿಗೆ ಕುದುರೆ ಪಂದ್ಯದ ಹುಚ್ಚು. ಅಲ್ಲಿ ಒಬ್ಬ ಲಾಯದ ಯಜಮಾನನಿದ್ದ. ಅವನ ಹತ್ತಿರ ಒಳ್ಳೆಯ ಕುದುರೆಗಳಿದ್ದವು. ಅದಕ್ಕಿಂತ ಒಳ್ಳೆಯ ಹೆಸರಿತ್ತು. ಅವನ ಕುದುರೆ ಗೆದ್ದರೆ ಗೆದ್ದಿತು, ಸೋತರೆ ಸೋತಿತು. ಒಳಗೊಂದು ಹೊರಗೊಂದು ಇಲ್ಲ. ಅವನ ಕುದುರೆಯ ಮೇಲೆ ಬಾಜಿ ಕಟ್ಟಿ ಕಳೆದುಕೊಂಡವನೂ ಅವನ ಮನೆಯ ಮುಂದೆ ಹೋಗುವಾಗ ಕೈ ಮುಗಿದು ಹೋಗುತ್ತಿದ್ದ.

ಲಾಯದಲ್ಲಿ ಕೆಂಚಿ ಎಂಬ ಹೆಣ್ಣು ಕುದುರೆಯಿತ್ತು. ಕಂದು ಬಣ್ಣದ್ದು. ಹಿಂದೆ ಗೊರಸಿನ ಸದ್ದು ಕೇಳಿದರೆ ಅದಕ್ಕೆ ತಡೆಯಲಾಗುತ್ತಿರಲಿಲ್ಲ. ಮುಂದೆ ಹೋಗಲೇಬೇಕು. ಅದರ ಸವಾರನೂ ಜಾಣನೇ. ಯಜಮಾನನ ಮನೆಯ ಅನ್ನ ಉಂಡು ಬೆಳೆದವನು.

ಬೇರೆ ಕುದುರೆಯ ಮೇಲೆ ಬಾಜಿ ಕಟ್ಟಿದ್ದ ಒಬ್ಬ ವ್ಯಾಪಾರಿ ಆ ಸವಾರನನ್ನು ಲಂಚ ಕೊಟ್ಟು ಕೊಂಡುಕೊಂಡ. ಕೆಂಚಿ ಸೋಲಬೇಕು, ಅಷ್ಟೇ.

ಪಂದ್ಯದ ದಿನ ಕೊನೆಯ ತಿರುವಿನ ತನಕ ಕೆಂಚಿಯೇ ಮುಂದಿತ್ತು. ಆಮೇಲೆ ಹಿಂದೆ ಬಿತ್ತು. ಜನ ಕೂಗಿದರು. ಮೂರನೆಯದಾಗಿ ಬಂತು.

ಓಡಿ ಬಂದ ಕುದುರೆಯ ಲಗಾಮನ್ನು ಯಜಮಾನನೇ ಬಂದು ಹಿಡಿಯುವುದು ಆ ಬಯಲಿನ ಪದ್ಧತಿ. ಯಜಮಾನ ಬಂದು ಹಿಡಿದ. ಕೆಂಚಿಯ ಬಾಯಿ ನೋಡಿದ. ಕಟವಾಯಿ ಎರಡು ಕಡೆಯೂ ಹರಿದಿತ್ತು. ನೊರೆ ಕೆಂಪಾಗಿತ್ತು. ಓಡುವ ಕುದುರೆಯನ್ನು ಬಲವಾಗಿ ಜಗ್ಗಿ ಹಿಡಿದರೆ ಕಡಿವಾಣದ ಕಬ್ಬಿಣ ಅಲ್ಲಿಯೇ ಕೊರೆಯುತ್ತದೆ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಲೆ ಎತ್ತಿ ಸವಾರನನ್ನು ನೋಡಿದ. ಸವಾರ ಬೇರೆ ಕಡೆ ನೋಡಿದ.

ಪಂದ್ಯದ ಪಂಚರು ಕಟ್ಟೆ ಇಳಿದು ಬರುತ್ತಿದ್ದರು. ಯಜಮಾನ ಹೆಗಲ ಮೇಲಿನ ಶಾಲು ತೆಗೆದ. ಕೆಂಚಿಯ ಬಾಯಿಯನ್ನು ಒರೆಸಿದ. ಕುದುರೆ ತಲೆ ಕೊಡವಿತು. ಹಿಡಿದು ಒರೆಸಿದ. ಕೆಂಪು ಒಳಗಾಗುವಂತೆ ಶಾಲು ಮಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡ.

"ಏನು ಯಜಮಾನರೇ, ಸವಾರ ಲಗಾಮು ಎಳೆದನಂತೆ? ಜನ ಹಾಗೆ ಕೂಗುತ್ತಿದ್ದಾರೆ" ಎಂದರು ಪಂಚರ ಹಿರಿಯರು.

"ಸವಾರನದು ಏನೂ ತಪ್ಪಿಲ್ಲ. ಕುದುರೆ ಸೋಮಾರಿ. ಇತ್ತೀಚೆಗೆ ಹಾಗೇ ಆಗಿದೆ."

"ನಿಮ್ಮ ಮಾತೇ ಸಾಕು" ಎಂದರು ಹಿರಿಯರು. ಕುದುರೆಯ ಹತ್ತಿರವೂ ಬರಲಿಲ್ಲ. ಜನರ ಕಡೆ ತಿರುಗಿ ಕೈ ಬೀಸಿದರು. ಜನ ಚದುರಿದರು. ಯಜಮಾನ ಹೇಳಿದ ಮೇಲೆ ಮುಗಿಯಿತು.

ಮನೆಗೆ ಬಂದ ಮೇಲೆ ಯಜಮಾನ ಶಾಲನ್ನು ತಾನೇ ಒಗೆದು ಹಾಕಿದ. ಮರುದಿನ ಬೆಳಿಗ್ಗೆ ಸವಾರನನ್ನು ಒಳಗೆ ಕರೆದು ಬಾಗಿಲು ಹಾಕಿದ. ಬಾಯಿಗೆ ಬಂದಂತೆ ಬೈದ. ಸವಾರ ಅತ್ತ, ಕಾಲಿಗೆ ಬಿದ್ದ. ಓಡಿಸಿಬಿಡಬೇಕು ಎಂದು ಯಜಮಾನನ ಮನಸ್ಸಿನಲ್ಲಿತ್ತು. ಓಡಿಸಿದರೆ ಜನ ಕೇಳುತ್ತಾರೆ, ತಪ್ಪಿಲ್ಲದವನನ್ನು ಯಾಕೆ ಓಡಿಸಿದೆ ಎಂದು. ಆದ್ದರಿಂದ ಇಟ್ಟುಕೊಂಡ. ಹಬ್ಬ ಬಂತು. ಲಾಯದ ದೊಡ್ಡ ಸವಾರನಿಗೆ ಪ್ರತಿ ಹಬ್ಬಕ್ಕೂ ಎಲ್ಲರ ಎದುರಿಗೆ ಹೊಸ ಪೇಟ ಕಟ್ಟುವ ರೂಢಿಯಿತ್ತು. ಈ ಸಲ ಕಟ್ಟದಿದ್ದರೆ ಜನ ಮತ್ತೆ ಕೇಳುತ್ತಾರೆ. ಕಟ್ಟಿದ.

ಪೇಟ ಕಟ್ಟಿಸಿಕೊಳ್ಳುವಾಗ ಸವಾರನಿಗೆ ಒಂದು ವಿಷಯ ತಿಳಿಯಿತು. ಈ ಮನೆಯಲ್ಲಿ ತನ್ನನ್ನು ಯಾರೂ ಏನೂ ಮಾಡಲಾರರು. ಅಂದಿನಿಂದ ಅವನು ತಡವಾಗಿ ಬರತೊಡಗಿದ. ಲಾಯದ ಆಳುಗಳ ಮೇಲೆ ಕೈ ಮಾಡತೊಡಗಿದ. ಆಳುಗಳು ಯಜಮಾನನ ಮುಖ ನೋಡಿದರು. ಯಜಮಾನ ಹುರುಳಿಯ ಚೀಲ ನೋಡಿದ.

ಇನ್ನು ಕೆಂಚಿ. ಸೋಮಾರಿ ಎಂದು ಹತ್ತು ಜನರ ಮುಂದೆ ಹೇಳಿದ ಕುದುರೆಯನ್ನು ಲಾಯದಲ್ಲಿ ಇಟ್ಟುಕೊಳ್ಳುವುದು ಹೇಗೆ? ದೂರದ ಊರಿಗೆ ಸಾಗಿಸಿದರೆ ಬಚ್ಚಿಟ್ಟಂತೆ ಕಾಣುತ್ತದೆ. ಅದೇ ಊರಿನ ಒಬ್ಬ ಜಟಕಾದವನಿಗೆ ಮಾರಿದ.

"ಧಣೀ, ಪಂದ್ಯದ ಕುದುರೆ. ನನ್ನ ಗಾಡಿಗೆ ಕಟ್ಟಿದರೆ ಓಡಿಬಿಟ್ಟೀತು?" ಎಂದ ಜಟಕಾದವನು.

"ಓಡುವುದಿಲ್ಲ. ಸೋಮಾರಿ."

"ಹಾಗಿದ್ದರೆ ನಮ್ಮ ಜಾತಿಯದೇ. ಓಡಿದರೆ ನನ್ನ ಗಾಡಿಯ ಚಕ್ರ ಒಪ್ಪುವುದಿಲ್ಲ, ಅದಕ್ಕೆ ಕೇಳಿದೆ."

ಜಟಕಾದವನು ಕಡಿವಾಣ ಹಾಕಲು ಹೋದ. ಕೆಂಚಿ ಎರಡು ಕಾಲಿನ ಮೇಲೆ ಎದ್ದು ನಿಂತಿತು. ಬಾಯಿ ಬಿಡಿಸಿ ನೋಡಿದ. ಹುಣ್ಣು ಕೀವು ಕಟ್ಟಿತ್ತು. "ಥೂ, ಯಾವನೋ ಪಾಪಿ" ಎಂದ. ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದ. ವಾಸಿಯಾಗುವ ತನಕ ಹಚ್ಚಿದ. ಬಾಯಿಗೆ ಕಬ್ಬಿಣ ಹಾಕುವುದನ್ನೇ ಬಿಟ್ಟು ಮೂಗಿನ ಮೇಲೆ ಮೆತ್ತನೆಯ ಹಗ್ಗ ಸುತ್ತಿ ನಡೆಸಿದ. ಕೆಂಚಿ ನಡೆಯಿತು. ಮಳೆಗಾಲ ಹೋಗಿ ಚಳಿ ಬಂತು. ಯಜಮಾನನ ಹೆಸರಿಗೆ ಏನೂ ಆಗಲಿಲ್ಲ.

ಒಂದು ಬೆಳಿಗ್ಗೆ ಜಟಕಾ ಪೇಟೆಯ ದಾರಿಯಲ್ಲಿ ಹೋಗುತ್ತಿತ್ತು. ಒಳಗೆ ಮಜ್ಜಿಗೆ ಮಾರುವ ಒಬ್ಬ ಮುದುಕಿ, ಅವಳ ಗಡಿಗೆಗಳು. ಅದೇ ಹೊತ್ತಿಗೆ ಯಜಮಾನನ ಸವಾರ ಲಾಯದ ಹೊಸ ಕುದುರೆಯನ್ನು ಬಯಲಿಗೆ ಒಯ್ಯುತ್ತಿದ್ದ. ಆ ವರ್ಷ ಊರೆಲ್ಲ ಬಾಜಿ ಕಟ್ಟುತ್ತಿದ್ದ ಕುದುರೆ ಅದು.

ಹಿಂದೆ ಗೊರಸಿನ ಸದ್ದಾಯಿತು. ಕೆಂಚಿಯ ಕಿವಿಗಳು ಹಿಂದಕ್ಕೆ ತಿರುಗಿದವು. ಆಮೇಲೆ ಮುಂದಕ್ಕೆ. ಬಾಯಲ್ಲಿ ಕಬ್ಬಿಣವಿರಲಿಲ್ಲ.

ಓಡಿತು.

"ಎಲೋ, ನಾನು ಸಂತೆಗೆ ಹೋಗಬೇಕು ಕಣೋ, ಸ್ವರ್ಗಕ್ಕಲ್ಲ!" ಎಂದು ಮುದುಕಿ ಕಿರುಚಿದಳು.

"ಗಟ್ಟಿಯಾಗಿ ಹಿಡಿದುಕೋ ಅಜ್ಜೀ! ನಾನೂ ನಿನ್ನ ಹಾಗೆ ಕೂತವನೇ!"

ಅಂಗಡಿಗಳವರು ಎದ್ದು ನಿಂತು ನಕ್ಕರು. ಸವಾರನನ್ನು ಕೆಣಕಿದರು. ಮಜ್ಜಿಗೆ ಗಾಡಿಯ ಹಿಂದೆಯೇ ಬಿದ್ದೆಯಲ್ಲೋ, ಒಂದು ಲೋಟ ಬೇಕೇನೋ ಎಂದರು. ಸವಾರನಿಗೆ ಅವಮಾನವಾಯಿತು. ಚಾಟಿ ಎತ್ತಿದ. ಹೊಸ ಕುದುರೆ ತನ್ನ ಶಕ್ತಿಯಿದ್ದಷ್ಟೂ ಓಡಿತು. ಪೇಟೆಯ ತುದಿಯಿಂದ ಸೇತುವೆಯ ತನಕ ಓಡಿತು. ಜಟಕಾವನ್ನು ದಾಟಲಾಗಲಿಲ್ಲ.

ಸೇತುವೆಯ ಹತ್ತಿರ ಜಟಕಾದ ಚಕ್ರ ಕಳಚಿತು. ಗಾಡಿ ವಾಲಿತು. ಗಡಿಗೆಗಳು ಒಡೆದವು. ಮುದುಕಿಗೆ ಏನೂ ಆಗಲಿಲ್ಲ, ಬೈಗುಳ ಜೋರಾಗಿತ್ತು. ಕೆಂಚಿ ನಿಂತು ಮೈ ಕೊಡವಿತು.

ಓಡಿ ಬಂದ ಜನ ಇನ್ನೂ ನಗುತ್ತಿದ್ದರು. ಅವರಲ್ಲಿ ಒಬ್ಬ ಕ್ಷೌರಿಕ, ಕೆಂಚಿ ಸೋತ ದಿನ ಅದರ ಮೇಲೆ ಬಾಜಿ ಕಟ್ಟಿದ್ದವನು. ಅವನು ನಗು ನಿಲ್ಲಿಸಿದ.

"ಇದು ಆ ಸೋಮಾರಿ ಕುದುರೆಯಲ್ಲವೇ?" ಎಂದ.

ಯಾರೋ ಹತ್ತಿರ ಹೋಗಿ ಬಾಯಿ ನೋಡಿದರು. ಎರಡೂ ಕಟವಾಯಿಯಲ್ಲಿ ಗಾಯ ಮಾಗಿದ ಕಲೆಯಿತ್ತು. ಕಲೆಯ ಸುತ್ತ ಕೂದಲು ಬೆಳ್ಳಗೆ ಬಂದಿತ್ತು. ಆ ಊರಿನಲ್ಲಿ ಅದರ ಅರ್ಥ ಅಂಬೆಗಾಲಿಡುವ ಮಗುವಿಗೂ ಗೊತ್ತು.

ಜನ ಯಜಮಾನನ ಮನೆಗೆ ಹೋದರು. ಪಂಚರೂ ಬಂದರು. ಯಜಮಾನ ಹೊರಗೆ ಬಂದು ನಿಂತ. ಈ ಸಲ ನಿಜ ಹೇಳಿದ.

"ಸವಾರ ಎಳೆದ. ನಾನು ಅವತ್ತೇ ಕಂಡೆ. ನನಗೆ ಗೊತ್ತಿಲ್ಲದೆ ಎಳೆದ."

ಸವಾರ ಅಲ್ಲೇ ಇದ್ದ. ತಲೆಯ ಮೇಲಿನ ಪೇಟ ತೆಗೆದು ಕೈಯಲ್ಲಿ ಹಿಡಿದ.

"ಯಜಮಾನರ ಅಪ್ಪಣೆಯಿಲ್ಲದೆ ಯಾವ ಸವಾರನಾದರೂ ಎಳೆಯುತ್ತಾನೆಯೇ? ಕದ್ದು ಎಳೆದಿದ್ದರೆ ನನಗೆ ಇದನ್ನು ಕಟ್ಟುತ್ತಿದ್ದರೇ? ನೀವೇ ಹೇಳಿ" ಎಂದ.

ಜನ ಪೇಟ ನೋಡಿದರು. ಯಜಮಾನನಿಗೆ ಶಾಲಿನ ನೆನಪಾಯಿತು. ಅದರಲ್ಲಿ ಈಗ ರಕ್ತದ ಒಂದು ಚುಕ್ಕೆಯೂ ಇರಲಿಲ್ಲ.

"ಸ್ವಾಮೀ, ನನ್ನ ಮಾತು ನಂಬಿ" ಎಂದ.

"ಅವತ್ತು ನಿಮ್ಮ ಮಾತೇ ಸಾಕು ಎಂದಿದ್ದೆವು. ಸವಾರನದು ತಪ್ಪಿಲ್ಲ ಎಂದಿರಿ. ಆ ಮಾತನ್ನೇ ಇಟ್ಟುಕೊಳ್ಳುತ್ತೇವೆ" ಎಂದರು ಪಂಚರ ಹಿರಿಯರು.

ಅವನ ಕುದುರೆಗಳು ಇನ್ನು ಬಯಲಿಗೆ ಇಳಿಯಬಾರದು ಎಂದು ತೀರ್ಮಾನವಾಯಿತು. ಸವಾರ ಬೇರೆ ಲಾಯ ಸೇರಿದ. ಊರಿನವರು ಹಳೆಯದನ್ನೆಲ್ಲ ನೆನಪಿಸಿಕೊಂಡರು. ಹಿಂದೆ ನಿಜವಾಗಿ ಸೋತಿದ್ದ ಕುದುರೆಗಳೂ ಈಗ ಎಳೆದ ಕುದುರೆಗಳಾದವು. ಅವನ ತಂದೆಯ ಕಾಲದ ಕುದುರೆಗಳನ್ನೂ ಬಿಡಲಿಲ್ಲ.

ಲಾಯ ಖಾಲಿಯಾದ ಮೇಲೆ ಯಜಮಾನ ಒಂದು ದಿನ ಜಟಕಾ ನಿಲ್ಲುವ ಜಾಗಕ್ಕೆ ಹೋದ. ಕೆಂಚಿಯ ಮುಖ ಸವರಲು ಕೈ ಚಾಚಿದ. ಕೆಂಚಿ ತಲೆ ಕಿತ್ತುಕೊಂಡಿತು.

"ಬಾಯಿಯ ಹತ್ತಿರ ಕೈ ತರಬೇಡಿ ಧಣೀ, ಅದಕ್ಕೆ ಆಗುವುದಿಲ್ಲ" ಎಂದ ಜಟಕಾದವನು.

"ನನಗೆ ವಾಪಸ್ಸು ಕೊಡು."

"ಕೊಡುವುದಿಲ್ಲ ಧಣೀ. ಬೇಕಾದರೆ ಹತ್ತಿ, ಮನೆಯ ತನಕ ಬಿಡುತ್ತೇನೆ. ಹೊಸ ಚಕ್ರ ಹಾಕಿಸಿದ್ದೇನೆ."

ಯಜಮಾನ ಹತ್ತಲಿಲ್ಲ. ನಡೆದೇ ಹೋದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ತಿಳಿಯಾಯಿತು.

"ಅರ್ಥವಾಯಿತು ಗುರುಗಳೇ. ಬಡಿಸುವವನನ್ನು ಇವತ್ತೇ ಎಲ್ಲರ ಎದುರಿಗೆ ನಿಲ್ಲಿಸಿ ನಿಜ ಹೇಳಿಬಿಡುತ್ತೇನೆ. ಆಗಲೇ ಹೆಸರು ಉಳಿಯುವುದು. ಯಜಮಾನ ಬಾಯಿ ಒರೆಸಬಾರದಿತ್ತು."

"ಒರೆಸಿದ್ದು ಹಾಗಿರಲಿ, ಆ ಹುಣ್ಣಿಗೆ ಅವನು ಅರಿಶಿನವನ್ನೂ ಹಚ್ಚಲಿಲ್ಲ" ಎಂದರು ಗುರುಗಳು. "ಆ ಮುದುಕನ ಕೈ ಈಗ ಹೇಗಿದೆ?"

ಶಿಷ್ಯ ಅದನ್ನು ಕೇಳಿಯೇ ಇರಲಿಲ್ಲ. ಎದ್ದು ಮುದುಕನ ಹತ್ತಿರ ಹೋದ.